ನಡಾವಳಿ

ಎನುಗು ಊರಿನ ಹರ್ಮಟಾನ್ ಧೂಳು
ಆಡಳಿತ ವಿಭಾಗದ ಕಿಟಕಿ ದಾಟಿ ಒಳಗೆ ಬರುವುದಿಲ್ಲ.
ಇಲ್ಲಿ ಏಸಿ ಗೊರಕೆ ಹೊಡೆಯುತ್ತದೆ,
ಕರೆಂಟು ಹೋಗುವುದಿಲ್ಲ, ಈ ಕೋಣೆಯ ತಂತಿಯೇ ಬೇರೆ.
ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು
ಯಾರು ಏನಂದರು ಎಂದು ಬರೆದುಕೊಳ್ಳುತ್ತೇನೆ.
ಯಾಕೆ ಅಂದರು ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ಹಾಜರು: ಅಧ್ಯಕ್ಷರು, ಪ್ರೊಫೆಸರ್ ಉಜೋಡಿಕೆ.
ಸದಸ್ಯರು ನಾಲ್ವರು, ಒಬ್ಬರಿಗೆ ಕೆಮ್ಮು.
ಎದುರಿಗೆ ಮೂವರು ರೆಸಿಡೆಂಟ್ ಡಾಕ್ಟರು:
ಒಗೋಚುಕ್ವು ಅನಿಬೊ, ಟೋನ್ಯೆ ಡಪ್ಪಾ, ಇಶಾಕು ಬಿಟ್ರಸ್.
ಕೊನೆಯವನ ಕೋಟಿಗೆ ಇಸ್ತ್ರಿಯಿಲ್ಲ.
ಅದನ್ನೂ ಬರೆದುಕೊಳ್ಳಿ, ಎಂದರು ಕೆಮ್ಮಿನವರು.
ಬರೆದುಕೊಂಡೆ.

ಆರೋಪ: ನಡತೆ ಸಂಹಿತೆಯ ಇಪ್ಪತ್ತೆರಡನೇ ನಿಯಮ.
ಹೆರಿಗೆ ವಾರ್ಡಿನಲ್ಲಿ ಮೊಬೈಲು ಬಳಸಿದ್ದು,
ಚಿತ್ರ ತೆಗೆದದ್ದು, ಅದು ಹೊರಗೆ ಹೋದದ್ದು,
ಸಂಸ್ಥೆಯ ಮುಖಕ್ಕೆ ಮಸಿ ಬಳಿದದ್ದು.

ದಾಖಲೆ ಒಂದು: ಸದರಿ ಚಿತ್ರ.
ನಮ್ಮ ಪ್ರಿಂಟರಿನಲ್ಲೇ ಮಸಿ ಮುಗಿಯುತ್ತ ಬಂದಿದೆ,
ಕತ್ತಲೆ ಕೂಡ ಸರಿಯಾಗಿ ಮೂಡಿಲ್ಲ, ಗೆರೆಗೆರೆ ಬೂದಿ.
ನಡುವೆ ಒಂದು ಬಿಳಿ ಚುಕ್ಕೆ,
ಅದನ್ನು ಹಿಡಿದ ಒಂದು ಹೆಬ್ಬೆರಳು.
ಐವರೂ ತಿರುಗಿಸಿ ತಿರುಗಿಸಿ ನೋಡಿದರು.
ಕೆಮ್ಮಿನವರು ತಲೆಕೆಳಗಾಗಿ ಹಿಡಿದಿದ್ದರು,
ನಾನು ಹೇಳಲಿಲ್ಲ.

ಯಾರು ತೆಗೆದದ್ದು?
ಮೂವರೂ ಸುಮ್ಮನೆ.
ಮೌನವನ್ನು ಹೇಗೆ ಟೈಪು ಮಾಡಬೇಕೆಂದು
ನನಗೆ ಯಾರೂ ಹೇಳಿಕೊಟ್ಟಿಲ್ಲ.
ಉತ್ತರವಿಲ್ಲ, ಎಂದು ಬರೆದೆ.
ಸುಳ್ಳು. ಉತ್ತರ ಅಲ್ಲೇ ನಿಂತಿತ್ತು
ನಿದ್ದೆಗೆಟ್ಟ ಮೂರು ಜೊತೆ ಕಾಲಿನ ಮೇಲೆ.

ಆಮೇಲೆ ಟೋನ್ಯೆ ಒಂದೇ ಒಂದು ಮಾತಾಡಿದಳು:
ಜನರೇಟರಿಗೆ ಡೀಸೆಲ್ಲಿಲ್ಲವೆಂದು ನಾವು ಬರೆದ ಪತ್ರ ಹನ್ನೊಂದು, ಸಾರ್.
ಅವು ಯಾವುವೂ ಹೊರಗೆ ಹೋಗಲಿಲ್ಲ.
ಅಧ್ಯಕ್ಷರು ಅಡ್ಡಗೋಡೆಯ ಮೇಲೆ ದೀಪವಿಟ್ಟರು:
ಡೀಸೆಲ್ಲಿನ ವಿಚಾರ ಬೇರೆ ಸಮಿತಿಗೆ.
ನಿಮ್ಮ ಕಷ್ಟ ನಮಗೆ ಅರ್ಥವಾಗದೆ ಇಲ್ಲ.
ಆದರೂ ನಿಯಮ ನಿಯಮವೇ.
ಆ ದೀಪವಾದರೂ ಅವತ್ತು ವಾರ್ಡಿನಲ್ಲಿ ಇದ್ದಿದ್ದರೆ,
ಅಂದುಕೊಂಡೆ. ಬರೆಯಲಿಲ್ಲ.
ತಾಯಿ, ಮಗು ಇಬ್ಬರೂ ಗಟ್ಟಿಯಾಗಿ ಮನೆ ಸೇರಿದ್ದಾರೆ,
ಅದು ಕಾರ್ಯಸೂಚಿಯಲ್ಲಿಲ್ಲ.

ಸಾಕ್ಷಿ: ಮಾಮಾ ಉಕಮಾಕ, ವಾರ್ಡಿನ ಆಯಾ.
ಇಗ್ಬೋದಲ್ಲೇ ಹೇಳಿದಳು.
ರಕ್ತ ನಿಲ್ಲುತ್ತಿರಲಿಲ್ಲ, ಹೊಲಿಯುವವಳಿಗೆ
ತನ್ನ ಕೈಯ ಸೂಜಿಯೇ ಕಾಣುತ್ತಿರಲಿಲ್ಲ,
ಈ ಹುಡುಗ ಜೇಬಿನಿಂದ ಇಹೆ ತೆಗೆದ.

ನಮ್ಮ ಮಾತಿನಲ್ಲಿ ಇಹೆ ಎಂದರೆ
ದನಿ ಏರಿದರೆ ವಸ್ತು,
ಇಳಿದರೆ ಬೆಳಕು.
ಅಕ್ಷರ ಒಂದೇ, ಕಾಗದಕ್ಕೆ ಗಂಟಲಿಲ್ಲ.
ಆಯಾಳ ದನಿ
ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿದದ್ದನ್ನು ನಾನು ಕೇಳಿದೆ.
ಅಧ್ಯಕ್ಷರೂ ಕೇಳಿದರು, ಅವರ ತಾಯಿ ಜೋಗುಳ ಹಾಡಿದ್ದೂ ಇದೇ ಮಾತಿನಲ್ಲಿ.
ವಸ್ತು ಅಂತ ಬರೆಯಿರಿ, ಎಂದರು.

ಬೆಳಕು ಎಂದು ಟೈಪು ಮಾಡಿದೆ. ಅಳಿಸಿದೆ.
ಮತ್ತೆ ಮಾಡಿದೆ.
ಪಿಂಚಣಿಗೆ ಇನ್ನೆರಡು ವರ್ಷ.
ಕೊನೆಗೆ ಇಹೆ ಎಂದೇ ಉಳಿಸಿ
ಓದುವವರ ದನಿಗೆ ಬಿಟ್ಟೆ.
ನಾನೂ ಅಡ್ಡಗೋಡೆಯವಳೇ.

ನಿರ್ಣಯ: ಮೂವರಿಗೂ ಮೂರು ತಿಂಗಳ ಅಮಾನತು, ಸಂಬಳವಿಲ್ಲ.
ಸೋಮವಾರದಿಂದ ಜಾರಿ.
ಇವತ್ತು ಶುಕ್ರವಾರ, ಶನಿವಾರ ಭಾನುವಾರದ ಪಾಳಿಗೆ
ಬೇರೆ ಡಾಕ್ಟರಿಲ್ಲ.

ಇಶಾಕು ಸಹಿಗೆ ಪೆನ್ನು ಕೇಳಿದ.
ಕೊಡುವಾಗ ಅವನ ಹೆಬ್ಬೆರಳು ನೋಡಿದೆ,
ನೋಡಬಾರದಿತ್ತು.
ಬಾಗಿಲಾಚೆ ಒಗೋಚುಕ್ವು ಕೇಳುತ್ತಿದ್ದಳು,
ನಿನ್ನದರಲ್ಲಿ ಚಾರ್ಜು ಎಷ್ಟಿದೆ?
ನಲವತ್ತು.
ನನ್ನದು ಅರವತ್ತೊಂದು. ಬೆಳಗಿನ ತನಕ ಆದೀತು.

ಸಭೆ ಮುಗಿದದ್ದು ಮೂರು ಐವತ್ತಕ್ಕೆ.
ಆಮೇಲಿನ ಮಾತು ಬರೆದುಕೊಳ್ಳುವುದು ನನ್ನ ಕೆಲಸವಲ್ಲ.